ಜಾಲಹಳ್ಳಿಯ ವಾಲ್ವು, ಚೋರ್ ಬಜಾರಿನ ಪೆಟ್ಟಿಗೆ

ಗ್ರ್ಯಾಂಟ್ ರೋಡಿನಲ್ಲಿ ಇಳಿಯಬೇಕೆಂದರೆ ಸ್ಲೋ ಲೋಕಲ್ಲನ್ನೇ ಹಿಡಿಯಬೇಕು. ಬೊರಿವಲಿ, ವಿರಾರ್ ಕಡೆಯಿಂದ ಬರುವ ಫಾಸ್ಟ್ ಗಾಡಿಗಳು ಮುಂಬಯಿ ಸೆಂಟ್ರಲ್ ಬಿಟ್ಟರೆ ನಿಲ್ಲುವುದು ಚರ್ಚ್‌ಗೇಟಿನಲ್ಲೇ. ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಐದು ನಿಮಿಷ ನಡೆದರೆ ಲ್ಯಾಮಿಂಗ್ಟನ್ ರೋಡ್ ಅಡ್ಡ ಬರುತ್ತದೆ. ಬೋರ್ಡಿನ ಮೇಲೆ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಎಂದಿದೆ. ಆದರೆ 1903ರಿಂದ 1907ರವರೆಗೆ ಇಲ್ಲಿ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್ ಹೆಸರನ್ನು ಟ್ಯಾಕ್ಸಿಯವರೂ ಬಿಟ್ಟಿಲ್ಲ, ಅಂಗಡಿಯವರೂ ಬಿಟ್ಟಿಲ್ಲ. ‘ಶೋಲೆ’ ಐದು ವರ್ಷ ಓಡಿದ ಮಿನರ್ವಾ ಟಾಕೀಸು ಇದ್ದದ್ದು ಇದೇ ರಸ್ತೆಯಲ್ಲಿ. ಈಗ ರಸ್ತೆಯ ಎರಡೂ ಬದಿಗೆ ಸಿಸಿಟಿವಿ, ರೂಟರ್, ಲ್ಯಾಪ್‌ಟಾಪ್ ಚಾರ್ಜರ್.

ಅಡ್ಡ ದಾಟಿ ಪೂರ್ವಕ್ಕೆ ಇನ್ನೊಂದು ಕಾಲು ಗಂಟೆ ನಡೆದರೆ, ಹಳೆಯ ನಾಟಕಶಾಲೆಗಳಿದ್ದ ‘ಪೀಲಾ ಹೌಸ್’ ದಾಟಿ, ಚೋರ್ ಬಜಾರಿಗೆ ಮುಟ್ಟುತ್ತೀರಿ. ಪೀಲಾ ಹೌಸ್ ಅಂದರೆ ಹಳದಿ ಮನೆಯಲ್ಲ, ‘ಪ್ಲೇ ಹೌಸ್’ ಎಂಬುದು ಜನರ ಬಾಯಲ್ಲಿ ಹಾಗಾಯಿತು. ಚೋರ್ ಬಜಾರ್ ಕೂಡ ಮೂಲದಲ್ಲಿ ಗದ್ದಲದ ‘ಶೋರ್ ಬಜಾರ್’ ಆಗಿತ್ತು, ಬಿಳಿಯರ ನಾಲಿಗೆಯಲ್ಲಿ ಕಳ್ಳರ ಪೇಟೆಯಾಯಿತು ಎನ್ನುತ್ತಾರೆ. ವಿಕ್ಟೋರಿಯಾ ರಾಣಿಯ ಪಿಟೀಲು ಹಡಗಿನಿಂದ ಇಳಿಸುವಾಗ ಕಳುವಾಗಿ ಇಲ್ಲಿ ಮಾರಾಟಕ್ಕೆ ಸಿಕ್ಕಿತು ಎಂಬ ಕತೆಯನ್ನಂತೂ ಇಲ್ಲಿಯ ಪ್ರತಿ ಎರಡನೇ ಅಂಗಡಿಯವರು ಹೇಳುತ್ತಾರೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ನಾಲ್ಕು ತಿಂಗಳು ನಾನು ಈ ಎರಡು ಪೇಟೆಗಳ ನಡುವೆ ಓಡಾಡಿದ್ದು ಒಂದು ಪೆಟ್ಟಿಗೆಯ ದೆಸೆಯಿಂದ. ಮಟನ್ ಸ್ಟ್ರೀಟಿನಲ್ಲಿ ಗ್ರಾಮಫೋನಿನ ಹಿತ್ತಾಳೆ ಕಹಳೆ, ಹಡಗಿನ ದೀಪ, ಸಿನಿಮಾ ಪೋಸ್ಟರುಗಳ ನಡುವೆ ಅದು ಕೂತಿತ್ತು. ಕಬ್ಬಿಣದ ಚಾಸಿ, ಹೊರಗೆ ಬಡಗಿ ಮಾಡಿದ ಮರದ ಗೂಡು, ಎದುರಿಗೆ ನಾಲ್ಕು ಬಿರಡೆ. ಕಂಪನಿಯ ಹೆಸರಿಲ್ಲ. ಹಿಂದುಗಡೆ ಸ್ಪೀಕರಿಗೆ ತಂತಿ ಕಟ್ಟುವ ಸ್ಕ್ರೂಗಳು, ಅವುಗಳ ಪಕ್ಕ 4, 8, 16 ಮತ್ತು 100ವಿ ಎಂಬ ಗುರುತು. 100 ವೋಲ್ಟಿನ ಲೈನ್ ಇದೆ ಎಂದರೆ ಇದು ಮದುವೆ, ಸಭೆಗಳಲ್ಲಿ ಗಿಡಕ್ಕೆ ಕಟ್ಟುತ್ತಿದ್ದ ಕಹಳೆ ಸ್ಪೀಕರುಗಳನ್ನು ಕೂಗಿಸಲು ಮಾಡಿದ ಆಂಪ್ಲಿಫೈಯರು. ಆದರೆ ಎದುರಿನ ಮೂರು ತೂತುಗಳಲ್ಲಿ ಮೊದಲ ಎರಡರ ಮೇಲೆ ಮೈಕ್ 1, ಮೈಕ್ 2 ಎಂದು ಅಚ್ಚಿದ್ದರೆ, ಮೂರನೆಯದರ ಮೇಲೆ ಯಾರೋ ಉಳಿಯ ಮೊನೆಯಿಂದ ಒಂದೊಂದೇ ಅಕ್ಷರ ಕೊರೆದಿದ್ದರು: ಗಿಟಾರ್.

“ಚಾಚಾ, ನಡೆಯುತ್ತದಾ?” ಎಂದು ಕೇಳಿದೆ. “ನಡೆಯುತ್ತಿದ್ದರೆ ಇಲ್ಲಿ ಯಾಕೆ ಇರುತ್ತಿತ್ತು?” ಎಂದರು.

ಮುಂಬಯಿಗೂ ವಿದ್ಯುತ್ ಗಿಟಾರಿಗೂ ಹಳೆಯ ನಂಟು. ವ್ಯಾನ್ ಶಿಪ್ಲೆ ಹವಾಯಿಯನ್ ಗಿಟಾರಿನಲ್ಲಿ ಹಿಂದಿ ಚಿತ್ರಗೀತೆ ನುಡಿಸಿದ ರೆಕಾರ್ಡುಗಳು ನಮ್ಮ ಅಪ್ಪಂದಿರ ಕಾಲದಲ್ಲಿ ಮನೆಮನೆಯಲ್ಲಿದ್ದವು. 1966ರ ‘ತೀಸ್ರೀ ಮಂಜಿಲ್’ ಹೊತ್ತಿಗೆ ಆರ್. ಡಿ. ಬರ್ಮನ್ ಹಾಡುಗಳಲ್ಲಿ ಗಿಟಾರ್ ಮುಂದಿನ ಸಾಲಿಗೆ ಬಂದು ಕೂತಿತ್ತು. 1971ರ ‘ದಂ ಮಾರೋ ದಂ’ ಹಾಡಿನ ಗಿಟಾರ್ ನುಡಿಸಿದ್ದು ಮುಂದೆ ಗಜಲ್ ಗಾಯಕರೆಂದು ಹೆಸರಾದ ಭೂಪಿಂದರ್ ಸಿಂಗ್. ಇತ್ತ ಕಾಲೇಜು ಹುಡುಗರ ಬೀಟ್ ಗುಂಪುಗಳು ಬೇರೆ. ಸಿಮ್ಲಾ ಸಿಗರೇಟಿನ ಹೆಸರಿನಲ್ಲಿ ನಡೆದ ‘ಸಿಮ್ಲಾ ಬೀಟ್’ ಸ್ಪರ್ಧೆಯ 1970 ಮತ್ತು 1971ರ ಎಲ್‌ಪಿಗಳನ್ನು ಈಗ ವಿದೇಶದ ಸಂಗ್ರಾಹಕರು ಹುಡುಕುತ್ತಾರೆ. ಆ ಹುಡುಗರೆಲ್ಲ ಕಿವಿಗೊಟ್ಟು ಕಲಿತದ್ದು ಇಂಗ್ಲೆಂಡಿನ ಕ್ಲಿಫ್ ರಿಚರ್ಡ್ ಮತ್ತು ಶ್ಯಾಡೋಸ್ ಗುಂಪನ್ನು. ಆ ಕ್ಲಿಫ್ ರಿಚರ್ಡ್ 1940ರಲ್ಲಿ ಹುಟ್ಟಿದ್ದು ನಮ್ಮ ಲಖನೌದಲ್ಲಿ ಎನ್ನುವುದು ಬೇರೆ ಮಾತು.

ಶ್ಯಾಡೋಸ್ ಗುಂಪಿನವರ ಹತ್ತಿರ ವಾಕ್ಸ್ ಕಂಪನಿಯ ಆಂಪ್ಲಿಫೈಯರು ಇತ್ತು. ಇಲ್ಲಿಯವರ ಹತ್ತಿರ? ಆಮದಿನ ಮೇಲೆ 1991ರವರೆಗೂ ಇದ್ದ ಕಟ್ಟುಪಾಡು ನಮಗೆ ಗೊತ್ತಿರುವುದೇ. ರೇಡಿಯೊ ಇಟ್ಟುಕೊಳ್ಳುವುದಕ್ಕೂ ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಶುಲ್ಕ ಕಟ್ಟುತ್ತಿದ್ದ ಕಾಲ ಅದು. ಹಡಗಿನಲ್ಲಿ ದುಡಿಯುವ ನೆಂಟರಿದ್ದರೆ ಒಂದು ಪೆಟ್ಟಿಗೆ ಬಂದೀತು. ಉಳಿದವರು ರೇಡಿಯೊ ರಿಪೇರಿಯವರ ಹತ್ತಿರ, ಮೈಕ್‌ಸೆಟ್ಟಿನವರ ಹತ್ತಿರ ಹೋಗಬೇಕು. ನನ್ನ ಪೆಟ್ಟಿಗೆ ಅಂಥದ್ದೊಂದು ಸಂದರ್ಭದ ಕೂಸು ಎಂದು ಅದರ ಹೊಟ್ಟೆ ಬಿಚ್ಚಿದ ದಿನವೇ ಗೊತ್ತಾಯಿತು.

ಬಿಚ್ಚುವ ಮುಂಚೆ ಒಂದು ಮಾತು. ವಾಲ್ವಿನ ಯಂತ್ರದಲ್ಲಿ 300 ವೋಲ್ಟಿಗೂ ಮೇಲ್ಪಟ್ಟ ಡಿಸಿ ಓಡಾಡುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಫಿಲ್ಟರ್ ಕಂಡೆನ್ಸರುಗಳಲ್ಲಿ ಅಡಗಿ ಕೂತಿರುತ್ತದೆ. ಮುಟ್ಟಿದರೆ ಜೀವ ಹೋಗಬಹುದು. ಒಂದು ರೆಸಿಸ್ಟರಿನ ಮೂಲಕ ಅದನ್ನು ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿ, ಆಮೇಲೆಯೇ ಕೈ ಹಾಕಬೇಕು. ಚಾಲೂ ಇರುವಾಗ ಅಳೆಯಬೇಕಾದರೆ ಒಂದು ಕೈ ಜೇಬಿನಲ್ಲಿರಲಿ. ಆಗ ಕರೆಂಟು ಒಂದು ಕೈಯಿಂದ ಇನ್ನೊಂದಕ್ಕೆ ಎದೆಯ ಮೂಲಕ ಹಾಯುವ ದಾರಿ ಇರುವುದಿಲ್ಲ. ವಿಡಿಯೊ ನೋಡಿ ಕಲಿಯುವ ವಿದ್ಯೆ ಇದಲ್ಲ, ಬಲ್ಲವರ ಪಕ್ಕ ಕೂತು ಕಲಿಯುವಂಥದ್ದು. ನನಗೆ ಹಾಗೆ ಕೂರಿಸಿಕೊಂಡವರು ಡೊಂಬಿವಿಲಿಯ ಒಬ್ಬ ನಿವೃತ್ತ ಟೀವಿ ಮೆಕ್ಯಾನಿಕ್ ಕಾಕಾ.

ಒಳಗೆ ಐದು ಸಾಕೆಟ್ಟು, ಮೂರು ವಾಲ್ವು. ಸ್ವಲ್ಪ ಧೂಳು ಊದಿದಾಗ ಗಾಜಿನ ಮೇಲೆ ಮಾಸಿದ ಅಕ್ಷರ ಕಂಡಿತು: ಬಿಇಎಲ್. ಒರೆಸಲು ಹೋದ ನನ್ನ ಕೈಯನ್ನು ಕಾಕಾ ಹಿಡಿದರು. ಹಳೆಯ ವಾಲ್ವಿನ ಮೇಲಿನ ಅಚ್ಚು ಬೆರಳು ತಾಗಿದರೆ ಅಳಿಸಿಹೋಗುತ್ತದೆ, ಆಮೇಲೆ ಅದು ಯಾವ ವಾಲ್ವು ಎಂದು ಬ್ರಹ್ಮನೂ ಹೇಳಲಾರ.

ಬಿಇಎಲ್, ಅಂದರೆ ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್. ಬಿಇಎಲ್ ಸರ್ಕಲ್ಲಿನ ಸಿಗ್ನಲ್ಲಿಗೆ ಕಾದವರಿಗೆ ಅದು ಒಂದು ಬಸ್‌ಸ್ಟಾಪು, ಚುನಾವಣೆಯ ಹೊತ್ತಿಗೆ ಮತಯಂತ್ರದ ಕಾರ್ಖಾನೆ. ಸೈನ್ಯಕ್ಕೆ ಬೇಕಾದ ಸಲಕರಣೆಗಾಗಿ 1954ರಲ್ಲಿ ಶುರುವಾದ ಈ ಸಂಸ್ಥೆ 1961ರಲ್ಲಿ ರೇಡಿಯೊ ವಾಲ್ವುಗಳನ್ನು ತಯಾರಿಸತೊಡಗಿತು. ಮರುವರ್ಷವೇ, 1962ರಲ್ಲಿ, ಜರ್ಮೇನಿಯಂ ಟ್ರಾನ್ಸಿಸ್ಟರ್ ಬಗೆಯ ಬಿಡಿಭಾಗಗಳನ್ನೂ ಶುರುಮಾಡಿತು. ಅಂದರೆ ವಾಲ್ವಿನ ಜೊತೆಗೇ ವಾಲ್ವನ್ನು ಮುಗಿಸುವ ವಸ್ತುವನ್ನೂ ಒಂದೇ ಕಾಂಪೌಂಡಿನಲ್ಲಿ ಮಾಡಿದರು! ಆ ನಡುವಿನ ಕೆಲವು ವರ್ಷಗಳಲ್ಲಿ ಬೆಂಗಳೂರಿನ ಕೈಗಳು ಸೇರಿಸಿದ ಗಾಜಿನ ಬುರುಡೆ ಮುಂಬಯಿಯಲ್ಲಿ ಯಾವುದೋ ಹುಡುಗನ ಗಿಟಾರನ್ನು ಕೂಗಿಸಿತ್ತು.

ವಾಲ್ವು ಮಾಡುವುದಾದರೂ ಏನು? ಕೆರೆಯ ತೂಬು ನೋಡಿದವರಿಗೆ ಹೇಳುವುದು ಸುಲಭ. ಒಳಗಿನ ಕ್ಯಾಥೋಡನ್ನು ಕೆಂಪಗೆ ಕಾಯಿಸಿದರೆ ಅದರಿಂದ ಎಲೆಕ್ಟ್ರಾನುಗಳು ಹೊರಡುತ್ತವೆ. ಸುತ್ತಲಿನ ಆನೋಡಿಗೆ ನೂರಾರು ವೋಲ್ಟು ಕೊಟ್ಟರೆ ಅವು ಆ ಕಡೆ ಹರಿಯುತ್ತವೆ. ನಡುವೆ ತಂತಿಯ ಸುರುಳಿಯಂಥ ಗ್ರಿಡ್ಡು, ಅದೇ ತೂಬು. ಗಿಟಾರಿನಿಂದ ಬರುವ ಒಂದು ವೋಲ್ಟಿಗೂ ಕಡಿಮೆಯ ಅಲೆ ತೂಬನ್ನು ಕೊಂಚ ಎತ್ತಿ ಇಳಿಸಿದರೆ, ಅಷ್ಟಕ್ಕೇ ಇಡೀ ಕೆರೆಯ ನೀರು ಕುಣಿಯುತ್ತದೆ. ಲೀ ಡಿ ಫಾರೆಸ್ಟ್ 1906ರಲ್ಲಿ ಈ ತೂಬನ್ನು ಸೇರಿಸಿದ.

ವಾಲ್ವಿನ ಹೆಸರೂ ಒಂದು ಭಾಷೆಯೇ. ಇಸಿಸಿ83 ಎಂದರೆ ಇ ಅಂದರೆ 6.3 ವೋಲ್ಟಿನಲ್ಲಿ ಕಾಯುವುದು, ಸಿಸಿ ಅಂದರೆ ಒಂದೇ ಗಾಜಿನಲ್ಲಿ ಎರಡು ಟ್ರಯೋಡು, 8 ಅಂದರೆ ಒಂಬತ್ತು ಕಾಲಿನ ಸಾಕೆಟ್ಟು. ಇಎಲ್84ರಲ್ಲಿರುವ ಎಲ್ ಸ್ಪೀಕರನ್ನು ನಡೆಸುವ ಶಕ್ತಿಯ ವಾಲ್ವು. ನನ್ನ ಪೆಟ್ಟಿಗೆಯಲ್ಲಿ ಉಳಿದಿದ್ದವು ಎರಡು ಇಸಿಸಿ83, ಒಂದು ಇಎಲ್84. ಅದರ ಜೋಡಿ ಇಎಲ್84 ಮಾಯ. ಐದನೆಯ ಸಾಕೆಟ್ಟು ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವಿನದು. ಅದರ ಜಾಗದಲ್ಲಿ, ಅಡಿಗೆ, ಎರಡು ಬಿವೈ127 ಡಯೋಡುಗಳನ್ನು ಬೆಸೆದಿದ್ದರು.

ನಮ್ಮ ಸಾಫ್ಟ್‌ವೇರ್ ಕಸುಬಿನಲ್ಲಿ ಹದಿನೈದು ವರ್ಷದ ಹಿಂದಿನ ಕೋಡು ಓದುವಾಗ ಯಾರು, ಯಾವಾಗ, ಯಾವ ಅವಸರದಲ್ಲಿ ಬರೆದರು ಎಂದು ಊಹಿಸುತ್ತೇವಲ್ಲ, ಕಾಕಾ ಈ ಪೆಟ್ಟಿಗೆಯನ್ನು ಹಾಗೆ ಓದಿದರು. ಒಂದು ಕಂಡೆನ್ಸರಿನ ಡಬ್ಬಿಯ ಮೇಲೆ 11-68 ಎಂಬ ಮುದ್ರೆ. ಅದು ಹುಟ್ಟಿದ ಕಾಲ. ಡಯೋಡಿನ ಬೆಸುಗೆ ಬೇರೆ ಕೈಯದು, ಬೇರೆ ಕಾಲದ್ದು. ರೆಕ್ಟಿಫೈಯರ್ ವಾಲ್ವು ಸತ್ತಾಗ ಹೊಸದು ಸಿಕ್ಕಿರಲಿಲ್ಲ ಅಥವಾ ದುಡ್ಡಿರಲಿಲ್ಲ. ಡಯೋಡು ಹಾಕಿದರೆ ವೋಲ್ಟೇಜು ಏರುತ್ತದೆ ಎಂದು ಆ ಮೆಕ್ಯಾನಿಕ್ಕಿಗೆ ಗೊತ್ತಿತ್ತು. ಅದಕ್ಕೇ ಪಕ್ಕದಲ್ಲಿ ಒಂದು ದಪ್ಪ ಪಿಂಗಾಣಿ ರೆಸಿಸ್ಟರು ಇಟ್ಟು ಇಳಿಸಿದ್ದ. “ಹುಷಾರಿ ಆದ್ಮೀ ಥಾ” ಎಂದರು ಕಾಕಾ.

ನನಗೆ ಇನ್ನೂ ಖುಷಿ ಕೊಟ್ಟದ್ದು ಆ ಕೊರೆದ ಗಿಟಾರ್ ತೂತು. ಮೈಕಿನ ತೂತುಗಳ ಹಿಂದೆ 1 ಲಕ್ಷ ಓಮಿನ ರೆಸಿಸ್ಟರು. ಗಿಟಾರಿನದರ ಹಿಂದೆ 10 ಲಕ್ಷ ಓಮಿನದು. ಗಿಟಾರಿನ ಪಿಕಪ್ ಸಾವಿರಾರು ಸುತ್ತಿನ ತೆಳು ತಂತಿ. ಅದಕ್ಕೆ ಹಗುರವಾದ ಹೊರೆ ಕೊಡದಿದ್ದರೆ ಮೇಲಿನ ಸ್ವರಗಳು ಮಂಕಾಗುತ್ತವೆ. ತೂತು ಕೊರೆದವರು ಯಾರೋ ಗೊತ್ತಿಲ್ಲ, ಆದರೆ ಮೈಕ್‌ಸೆಟ್ಟನ್ನು ಗಿಟಾರಿನ ಯಂತ್ರ ಮಾಡುವುದು ಹೇಗೆಂದು ತಿಳಿದೇ ಮಾಡಿದ್ದರು.

ಇದೇನೂ ಮುಂಬಯಿಯ ಬಡತನದ ಜುಗಾಡ್ ಅಂದುಕೊಳ್ಳಬೇಡಿ. ಅಮೆರಿಕದ ಲಿಯೋ ಫೆಂಡರ್ 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ ತೆರೆದದ್ದು ರೇಡಿಯೊ ರಿಪೇರಿ ಅಂಗಡಿಯನ್ನೇ. ಅವನ ‘ಬೇಸ್‌ಮ್ಯಾನ್’ ಆಂಪ್ಲಿಫೈಯರನ್ನು ನೋಡಿಕೊಂಡು 1960ರ ದಶಕದ ಶುರುವಿನಲ್ಲಿ ಲಂಡನ್ನಿನ ಜಿಮ್ ಮಾರ್ಷಲ್‌ನ ಅಂಗಡಿಯವರು ತಮ್ಮದನ್ನು ಕಟ್ಟಿದರು. ಅಮೆರಿಕದ ವಾಲ್ವಿನ ಬದಲು ಇಂಗ್ಲೆಂಡಿನಲ್ಲಿ ಸಿಗುವ ಕೆಟಿ66 ಹಾಕಿದರು, ಅಲ್ಲಿಯದೇ ಟ್ರಾನ್ಸ್‌ಫಾರ್ಮರ್ ಹಾಕಿದರು. ನಾದ ಬೇರೆಯಾಯಿತು. ಇವತ್ತು ರಾಕ್ ಸಂಗೀತದ ‘ಬ್ರಿಟಿಷ್ ಸೌಂಡ್’ ಎಂದು ಹೊಗಳುವುದರಲ್ಲಿ ದೊಡ್ಡ ಪಾಲು, ಹತ್ತಿರದ ಪೇಟೆಯಲ್ಲಿ ಏನು ಸಿಕ್ಕಿತು ಎಂಬುದೇ. ಹಾಗಾದರೆ ಜಾಲಹಳ್ಳಿಯ ವಾಲ್ವು, ಇಲ್ಲಿಯೇ ಸುತ್ತಿದ ಟ್ರಾನ್ಸ್‌ಫಾರ್ಮರು, ಇಲ್ಲಿಯ ಬಡಗಿಯ ಗೂಡು ಸೇರಿದರೆ ಅದಕ್ಕೂ ಒಂದು ದನಿ ಇರಲೇಬೇಕಲ್ಲ. ಅದು ಏನೆಂದು ಕೇಳುವ ಆಸೆ ನನಗೆ ಹತ್ತಿಕೊಂಡಿತು.

ಲ್ಯಾಮಿಂಗ್ಟನ್ ರೋಡಿನ ಒಬ್ಬ ಸೇಠರಿಗೆ ಫೋಟೊ ತೋರಿಸಿದಾಗ ಅವರು ಸಲಹೆ ಕೊಟ್ಟರು: ಒಳಗಿನದೆಲ್ಲ ಭಂಗಾರಿಗೆ ಕೊಡಿ, ಒಂದು ಚಿಕ್ಕ ಡಿಜಿಟಲ್ ಬೋರ್ಡು ಕೂರಿಸಿ, ಬ್ಲೂಟೂತೂ ಬರುತ್ತದೆ. ಆಫೀಸಿನ ಗಿಟಾರ್ ಹುಚ್ಚಿನ ಗೆಳೆಯ ಇದಕ್ಕೆ ತದ್ವಿರುದ್ಧ: ಡಯೋಡು ಕಿತ್ತು ರೆಕ್ಟಿಫೈಯರ್ ವಾಲ್ವು ಹಾಕು, 1968ರಲ್ಲಿ ಹೇಗಿತ್ತೋ ಹಾಗೆ ‘ಒರಿಜಿನಲ್’ ಮಾಡು. ನನಗೆ ಎರಡೂ ಸರಿಬರಲಿಲ್ಲ. 1968ರಲ್ಲಿ ಇದು ಮೈಕ್‌ಸೆಟ್ಟು. ಒರಿಜಿನಲ್ ಮಾಡುವುದಾದರೆ ಆ ಗಿಟಾರ್ ತೂತನ್ನೂ ಮುಚ್ಚಬೇಕಾಗುತ್ತದೆ. ಹೀಗಾಗಿ ನಾನು ಕಾಕಾ ಒಂದು ನಿಯಮ ಮಾಡಿಕೊಂಡೆವು. ಅಪಾಯ ತರುವುದನ್ನು ಮುಲಾಜಿಲ್ಲದೆ ಬದಲಾಯಿಸುವುದು. ಯಾರಾದರೂ ಯೋಚನೆ ಮಾಡಿ ಮಾಡಿದ್ದನ್ನು ಬಿಡುವುದು.

ಅಪಾಯದ ಪಟ್ಟಿ ಉದ್ದವಾಗಿಯೇ ಇತ್ತು. ಫಿಲ್ಟರ್ ಕಂಡೆನ್ಸರುಗಳು ಒಳಗಿನ ರಸ ಒಣಗಿ ಉಬ್ಬಿದ್ದವು. ಎರಡು ಕಾಲಿನ ಮೇನ್ ವೈರ್ ತೆಗೆದು ಅರ್ಥಿಂಗ್ ಇರುವ ಮೂರು ಕಾಲಿನದು ಹಾಕಿದೆವು. ಗಿಟಾರಿನ ಕಬ್ಬಿಣದ ತಂತಿ ಮುಟ್ಟಿಕೊಂಡು ಕೂರುವವನ ಜೀವ ಆ ಮೂರನೇ ಕಾಲಿನ ಮೇಲಿದೆ. ಆಮೇಲೆ ಸೀರೀಸ್ ಬೋರ್ಡಿನಲ್ಲಿ 60 ವಾಟಿನ ಬಲ್ಬು ಹಾಕಿ ಮೆಲ್ಲಗೆ ಕರೆಂಟು ಕೊಟ್ಟೆವು. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಭಗ್ಗನೆ ಉರಿದು ಯಂತ್ರವನ್ನು ಉಳಿಸುತ್ತದೆ. ಎಲ್‌ಇಡಿಯ ಈ ಕಾಲದಲ್ಲಿ ಹಳೆಯ ತಂತಿಯ ಬಲ್ಬು ಹುಡುಕಲು ವಾಲ್ವು ಹುಡುಕಿದಷ್ಟೇ ತಿರುಗಿದೆ. ಬಲ್ಬು ಮಂದವಾಗಿ ನಿಂತಿತು. ಖಾಲಿ ಸಾಕೆಟ್ಟಿನ ಗ್ರಿಡ್ಡಿನಲ್ಲಿ ಸೊನ್ನೆ ಇರಬೇಕಾದಲ್ಲಿ ಮೀಟರು 9 ವೋಲ್ಟು ತೋರಿಸಿತು.

ಅಲ್ಲಿಗೆ ಕತೆ ಬಿಚ್ಚಿಕೊಂಡಿತು. ಮುಂದಿನ ವಾಲ್ವಿಗೆ ಧ್ವನಿಯನ್ನು ದಾಟಿಸಿ ಡಿಸಿಯನ್ನು ತಡೆಯಬೇಕಾದ ಒಂದು ಚಿಕ್ಕ ಕಾಗದದ ಕಂಡೆನ್ಸರು ಸೋರುತ್ತಿತ್ತು. ಮುಂಬಯಿಯ ಎಷ್ಟೋ ಮಳೆಗಾಲದ ತೇವ ಅದರೊಳಗೆ ಇಳಿದಿರಬೇಕು. ತೂಬು ಮೇಲೆತ್ತಿದ್ದು ಮೇಲೆಯೇ ಉಳಿಯಿತು. ಆ ಬದಿಯ ಇಎಲ್84 ಮಿತಿಮೀರಿ ಕರೆಂಟು ಎಳೆದು ಕೆಂಪಗಾಗಿ ಸತ್ತಿತು. ಸಾಯುವಾಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಅರ್ಧ ಸುರುಳಿಯನ್ನೂ ಸುಟ್ಟಿತು. ಒಂದು ಬದಿ ಅಳೆದರೆ ತಂತಿ ಸರಿ, ಇನ್ನೊಂದು ಬದಿ ತುಂಡು. ಇಷ್ಟೆಲ್ಲ ಆದದ್ದು ಚಹಾದ ಬೆಲೆಯೂ ಇಲ್ಲದ ಒಂದು ಬಿಡಿಭಾಗದಿಂದ.

ಟ್ರಾನ್ಸ್‌ಫಾರ್ಮರ್ ಹೊತ್ತುಕೊಂಡು ಸಾಕಿನಾಕಾಕ್ಕೆ ಹೋದೆ. ಮೆಟ್ರೊ ಇಳಿದರೆ ಮೇಲೆ ಗಾಜಿನ ಆಫೀಸುಗಳು, ಕೆಳಗೆ ಲೇತು, ಪ್ರೆಸ್ಸು, ವೈಂಡಿಂಗಿನ ಗಾಲಾಗಳು. ಗಾಲಾ ಎಂದರೆ ಒಂದು ಶೆಟರಿನ ಕಾರ್ಖಾನೆ. ಅಲ್ಲಿಯ ಯಜಮಾನರು ಈಗ ಸುತ್ತುವುದು ಲಿಫ್ಟಿನ, ವೆಲ್ಡಿಂಗಿನ ಟ್ರಾನ್ಸ್‌ಫಾರ್ಮರು. ಇದನ್ನು ಕೈಯಲ್ಲಿ ತಿರುಗಿಸಿ ನೋಡಿ, “ಇದರಲ್ಲಿ ಪದರ ಪದರವಾಗಿ ಸುತ್ತಿರುತ್ತಾರೆ, ಎಣಿಸಿಕೊಂಡೇ ಬಿಚ್ಚಬೇಕು, ಅವಸರ ಮಾಡಬಾರದು” ಎಂದರು. ವಾಲ್ವು ಕೊಡುವುದು ಹೆಚ್ಚು ವೋಲ್ಟು, ಕಡಿಮೆ ಕರೆಂಟು. ಸ್ಪೀಕರಿಗೆ ಬೇಕಾದದ್ದು ತಿರುಗುಮುರುಗು. ಆ ವಿನಿಮಯ ಮಾಡುವುದು ಈ ಟ್ರಾನ್ಸ್‌ಫಾರ್ಮರು. ಪ್ರೈಮರಿಯ ಒಂದು ಭಾಗ, ನಡುವೆ ಸೆಕೆಂಡರಿ, ಮತ್ತೆ ಪ್ರೈಮರಿ ಎಂದು ಹೆಣೆದಿದ್ದರೆ ಮೇಲಿನ ಸ್ವರಗಳು ಸೋರಿಹೋಗುವುದಿಲ್ಲ. ಮೂರು ವಾರದ ನಂತರ ಹೋದಾಗ ಅವರ ಹಳೆಯ ವಹಿಯಲ್ಲಿ ಪೆನ್ಸಿಲಿನಲ್ಲಿ ಲೆಕ್ಕ ಬರೆದಿಟ್ಟಿದ್ದರು: ಪ್ರತಿ ಬದಿಗೆ 1,300 ಸುತ್ತು, ತಂತಿಯ ಗೇಜು, ಪದರಗಳ ಕ್ರಮ. ಅದೇ ಲೆಕ್ಕಕ್ಕೆ ಹೊಸ ತಾಮ್ರ ಸುತ್ತಿ, ವಾರ್ನಿಶ್ ಕುಡಿಸಿ, ಒಲೆಯಲ್ಲಿ ಒಣಗಿಸಿ ಕೊಟ್ಟರು. ಕಬ್ಬಿಣದ ಪಟ್ಟಿಗಳು ಹಳೆಯವೇ, ತುಕ್ಕು ಒರೆಸಿದ್ದು ಅಷ್ಟೆ. ಅವರ ಮಗ ಫೋನಿನಲ್ಲಿ ಮುಳುಗಿ ಪಕ್ಕದಲ್ಲೇ ಕೂತಿದ್ದ. “ಇವನಿಗೆ ಕಲಿಸಿಲ್ಲವೇ?” ಎಂದೆ. “ಕಲಿತು ಯಾರಿಗೆ ಸುತ್ತಬೇಕು?” ಎಂದು ನಕ್ಕರು.

ಉಳಿದದ್ದು ಕಳೆದುಹೋದ ಜೋಡಿ. ಹೊಸ ಇಎಲ್84 ಸ್ಲೊವಾಕಿಯಾ, ರಷ್ಯಾ, ಚೀನಾದಲ್ಲಿ ಈಗಲೂ ತಯಾರಾಗುತ್ತದೆ. ತರಿಸಿದರೆ ಮನೆಗೇ ಬರುತ್ತದೆ. ಆದರೆ ಜೋಡಿಯ ಎರಡೂ ವಾಲ್ವುಗಳು ಹೆಚ್ಚುಕಡಿಮೆ ಒಂದೇ ಸಮ ಕರೆಂಟು ಎಳೆಯಬೇಕು. ದೀಪಾವಳಿಗೆ ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡು ಸುತ್ತಿದೆ. ತವರಿನಲ್ಲೇ ಸಿಗದಿರುತ್ತದೆಯೇ ಎಂಬ ಧೈರ್ಯ! ಒಬ್ಬ ವಯಸ್ಸಾದ ಅಂಗಡಿಯವರು, “ಅಯ್ಯೋ, ಬಿಇಎಲ್ ವಾಲ್ವೆಲ್ಲ ಯಾವಾಗಲೋ ಫಾರಿನ್ನಿಗೆ ಹೋದವು ಸಾರ್. ನೀವು ಬಾಂಬೆಯಲ್ಲಿ ಕೇಳಿ” ಎಂದರು. ಬಾಂಬೆಯಲ್ಲಿ ಕೇಳಿದೆ. ಲ್ಯಾಮಿಂಗ್ಟನ್ ರೋಡಿನ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ, ಈಗ ಸಿಸಿಟಿವಿ ಕ್ಯಾಮೆರಾ ಮಾರುವ ಅಂಗಡಿಯ ಮುದುಕಪ್ಪ ಸ್ಟೂಲು ಹತ್ತಿ ಅಟ್ಟದಿಂದ ಬಿಸ್ಕತ್ತಿನ ಡಬ್ಬ ಇಳಿಸಿದರು. ಹಳೆಯ ಮರಾಠಿ ಪೇಪರಿನಲ್ಲಿ ಸುತ್ತಿದ ಆರು ಇಎಲ್84. ನಾಲ್ಕು ಬಿಇಎಲ್. ಆರಿಸಿಕೊಳ್ಳಿ ಎಂದರು, ಎರಡು ತಂದೆ. ಚೌಕಾಸಿ ಮಾಡುವ ಮನಸ್ಸಾಗಲಿಲ್ಲ. ಕಾಕಾರ ಮೇಜಿನ ಮೇಲೆ ಒಂದು ಹಳೆಯದಕ್ಕೆ ಚೆನ್ನಾಗಿ ಹೊಂದಿತು.

ಡಿಸೆಂಬರಿನ ಒಂದು ಭಾನುವಾರ ಪೂರ್ತಿ ಕರೆಂಟು ಕೊಟ್ಟೆವು. ಆನೋಡಿನಲ್ಲಿ 295 ವೋಲ್ಟು, ಕ್ಯಾಥೋಡಿನಲ್ಲಿ 10 ಚಿಲ್ಲರೆ. ಆ ಅನಾಮಿಕ ಮೆಕ್ಯಾನಿಕ್ಕಿನ ಪಿಂಗಾಣಿ ರೆಸಿಸ್ಟರು ಲೆಕ್ಕ ಸರಿಯಾಗಿಯೇ ಇಟ್ಟಿತ್ತು. ಇಎಲ್84ಕ್ಕೆ ಕಟ್ಟಿದ ಮಿತಿ 300. ಅರ್ಧ ನಿಮಿಷಕ್ಕೆ ವಾಲ್ವುಗಳ ನೆತ್ತಿಯಲ್ಲಿ ಕಿತ್ತಳೆ ಬಣ್ಣ ಮೂಡಿ, ಬಿಸಿ ಧೂಳಿನ ವಾಸನೆ ಎದ್ದಿತು. ನಮ್ಮ ಚಿಕ್ಕಂದಿನಲ್ಲಿ ಧಾರವಾಡ ಆಕಾಶವಾಣಿಯ ವಾರ್ತೆಗೆ ಮುಂಚೆ ಅಜ್ಜನ ರೇಡಿಯೊದಿಂದ ಬರುತ್ತಿದ್ದ ವಾಸನೆಯೇ ಅದು.

ನಾನು ನುಡಿಸುವುದು ಅಷ್ಟಕ್ಕಷ್ಟೇ. ಕೇಳಬೇಕಾದ ಹಾಗೆ ಕೇಳಿಸಿದವರು ಮಲಾಡಿನ ಆರ್ಲೆಮ್ಮಿನ ಒಬ್ಬ ಗೋವನ್ ಅಂಕಲ್, ಒಂದು ಕಾಲದಲ್ಲಿ ಮದುವೆಯ ಬ್ಯಾಂಡುಗಳಲ್ಲಿ ಗಿಟಾರ್ ಹಿಡಿದವರು. ಅವರು ಮೊದಲು ವಾಲ್ಯೂಮ್ ತಗ್ಗಿಸಿ ನಾಲ್ಕು ಕಾರ್ಡು ಬಾರಿಸಿದರು: ಸ್ವಚ್ಛ, ಅಂಚು ಚೂಪಿಲ್ಲ. ಮುಕ್ಕಾಲಿಗೆ ಏರಿಸಿದಾಗ ದನಿ ಒಡೆಯತೊಡಗಿತು. ಟ್ರಾನ್ಸಿಸ್ಟರಿನ ಯಂತ್ರ ಮಿತಿ ದಾಟಿದರೆ ಅಲೆಯ ತಲೆಯನ್ನು ಕತ್ತರಿಯಲ್ಲಿ ಕತ್ತರಿಸಿದಂತೆ ಆಗುತ್ತದೆ, ವಾಲ್ವಿನಲ್ಲಿ ಅದು ದುಂಡಗೆ ಬಾಗುತ್ತದೆ. ಮೆಲ್ಲಗೆ ಮೀಟಿದರೆ ಶುದ್ಧ, ಒತ್ತಿ ಮೀಟಿದರೆ ಗೊಗ್ಗರು. ಬೆರಳೇ ಅದನ್ನು ನಡೆಸುತ್ತದೆ. ವಿದೇಶಿ ಪೆಟ್ಟಿಗೆಗಳಿಗೆ ಹೋಲಿಸಿದರೆ ಕೆಳಗಿನ ಸ್ವರ ಇದರಲ್ಲಿ ಸ್ವಲ್ಪ ತೆಳು, ನಡುವಿನ ಸ್ವರ ಮುಂದಕ್ಕೆ ಬರುತ್ತದೆ. ಸಭೆಯಲ್ಲಿ ಮನುಷ್ಯನ ಮಾತು ಕೇಳಲೆಂದು ಮಾಡಿದ ಯಂತ್ರವಲ್ಲವೇ? ಅಂಕಲ್ ಗಣಪತಿ ಮೆರವಣಿಗೆಯ ಬೆಂಜೊ ಪಾರ್ಟಿಯನ್ನು ನೆನೆದರು. ಬುಲ್‌ಬುಲ್ ತರಂಗಕ್ಕೆ ಪಿಕಪ್ ಕೂರಿಸಿ, ಕೈಗಾಡಿಯ ಮೇಲೆ ಕಹಳೆ ಕಟ್ಟಿ ನುಡಿಸುವ ಆ ಪಾರ್ಟಿಯ ಕೊರಳು ಇದರಲ್ಲಿದೆ ಎಂದರು. ನನಗೂ ಹೌದೆನ್ನಿಸಿತು. ಮುಂಬಯಿಯಲ್ಲಿ ಇದ್ದವರಿಗೆ ಆ ದನಿ ವಿವರಿಸಬೇಕಿಲ್ಲ.

ಗುಂಯ್ ಶಬ್ದ ಕೊಂಚ ಉಳಿದಿದೆ. ಟ್ರಾನ್ಸ್‌ಫಾರ್ಮರುಗಳನ್ನು ಒಂದಕ್ಕೊಂದು ಹತ್ತಿರ ಕೂರಿಸಿದ್ದಾರೆ, ಅದಕ್ಕೆ. ಹೊಸ ತೂತು ಕೊರೆಯದೆ ಸರಿಸಲಾಗುವುದಿಲ್ಲ. ಹಾಗೇ ಬಿಟ್ಟಿದ್ದೇವೆ. ಕಾಕಾ ಸರ್ಕ್ಯೂಟಿನ ನಕ್ಷೆಯನ್ನು ಹಾಳೆಯ ಮೇಲೆ ಬರೆದು, ಪ್ರತಿ ಕಾಲಿನ ವೋಲ್ಟೇಜು, ಸುರುಳಿಯ ಸುತ್ತಿನ ಲೆಕ್ಕ, ಬದಲಿಸಿದ ಬಿಡಿಭಾಗಗಳ ಪಟ್ಟಿ, ತಾರೀಖು ಎಲ್ಲ ಸೇರಿಸಿದರು. ಲ್ಯಾಮಿನೇಟ್ ಮಾಡಿಸಿ ಗೂಡಿನ ಒಳಗೋಡೆಗೆ ಅಂಟಿಸಿದ್ದೇನೆ. ಅವರದು ಮರಾಠಿ, ಟ್ರಾನ್ಸ್‌ಫಾರ್ಮರಿನ ಲೆಕ್ಕ ಹಿಂದಿ. ನಾನು ಕೆಳಗೆ ಕನ್ನಡದಲ್ಲಿ ಒಂದೇ ಸಾಲು ಬರೆದೆ: ಮುಟ್ಟುವ ಮುಂಚೆ ಕಂಡೆನ್ಸರ್ ಖಾಲಿ ಮಾಡಿ.